ದೊರೆಸಾನಿ ದಾನ ಕೊಟ್ಟ ಶೀಬಾ ರಾಣಿಯ ಉಡುಪು

ಸ್ಟೋಕ್ ಹಳ್ಳಿ, ಸಾಮರ್ಸೆಟ್
ಜುಲೈ ೨೩, ೧೮೯೬

ಲಂಡನ್ನಿನಲ್ಲಿರುವ ಮಗಳು ಥರ್ಜಾಗೆ ಅಮ್ಮನ ಆಶೀರ್ವಾದ.

ನಾನು ಗಟ್ಟಿಯಾಗಿದ್ದೇನೆ, ಮೊಣಕಾಲು ಒಂದು ಬಿಟ್ಟು. ನಿನ್ನ ತಂಗಿ ಡೈನಾ ಮದುವೆ ಗೊತ್ತಾದ ಮೇಲೆ ಪಾತ್ರೆ ಮುಟ್ಟುವುದನ್ನು ಬಿಟ್ಟಿದ್ದಾಳೆ. ಕ್ಷೇಮ ಸಮಾಚಾರ ಇಷ್ಟೇ. ಸುತ್ತಿ ಬಳಸಿ ಬರೆಯಲು ನನಗೆ ಬಾರದು. ಏಳನೇ ವಯಸ್ಸಿಗೆ ಸ್ಲೇಟು ಕೆಳಗಿಟ್ಟು ಕೈಗವಸು ಹೊಲಿಯಲು ಕೂತವಳು.

ನಿನ್ನ ದೊರೆಸಾನಿ ಆ ಉಡುಪನ್ನು ನಿನಗೆ ಯಾಕೆ ಕೊಟ್ಟಳು?

ಒಡತಿ ಉಟ್ಟು ಬಿಟ್ಟದ್ದು ಅವಳ ಖಾಸಾ ದಾಸಿಗೆ ಸೇರಬೇಕು, ಅದು ವಾಡಿಕೆ. ಆದರೆ ಇಷ್ಟು ವರ್ಷ ಆ ಹೆಂಗಸಿನಿಂದ ನಿನಗೆ ಬಂದದ್ದೇನು? ಹೆಬ್ಬೆರಳು ತೂತಾದ ಕಾಲುಚೀಲ, ಮೇಣ ಬಿದ್ದ ಶಾಲು. ಅಂಥವಳು ಡ್ಯೂಕನ ಮನೆಯ ವೇಷದ ಕುಣಿತಕ್ಕೆ ಒಂದೇ ಸಲ ಉಟ್ಟ, ಬೈಬಲ್ಲಿನ ಶೀಬಾ ರಾಣಿಯ ಉಡುಪನ್ನು ಜರಿ, ನವಿಲುಗರಿ ಸಮೇತ ಎತ್ತಿಕೊಟ್ಟು, "ತಗೊಳ್ಳೆ ಥರ್ಜಾ, ನಿನ್ನ ತಂಗಿ ಮದುವೆಗಾಗುತ್ತೆ, ಇವತ್ತೇ ಊರಿಗೆ ಕಳಿಸಿಬಿಡು" ಅಂದಳಂತೆ. ಇವತ್ತೇ ಯಾಕೆ? ಗಂಟಿನ ಮೇಲೆ ನಿನ್ನ ಕೈಯಿಂದಲೇ ನಿನ್ನ ಹೆಸರು ಬರೆಸಿದ್ದು ಯಾಕೆ?

ಕುಣಿತಕ್ಕೆ ಹೋದವರೆಲ್ಲ ಫೋಟೋ ತೆಗೆಸಿಕೊಳ್ಳುವ ತನಕ ವೇಷವನ್ನು ಜೋಪಾನ ಮಾಡುತ್ತಾರೆ ಎಂದು ಬರೆದವಳು ನೀನೇ. ಕಬ್ಬಿಣದ ಕವಚ ತೊಟ್ಟು ಕೂರಲಾಗದೆ, ಕುಣಿತದ ಮನೆಯಲ್ಲಿ ನಿಂತೇ ಊಟ ಮಾಡಿದ ಆ ದಪ್ಪ ಅರ್ಲ್ ಸಾಹೇಬ ಕೂಡ ವಾರ ಬಿಟ್ಟು ಮತ್ತೆ ಅದೇ ಕವಚದೊಳಗೆ ತೂರಿಕೊಂಡನಂತೆ. ಕುರುಬಗಿತ್ತಿಯಾಗಿದ್ದ ಕೌಂಟೆಸ್ ಕುರಿಮರಿಯನ್ನೂ ಮತ್ತೆ ತರಿಸಿದಳಂತೆ. ಕನ್ನಡಿ ಕಂಡರೆ ಊಟ ಮರೆಯುವ ನಿನ್ನ ದೊರೆಸಾನಿ ಮಾತ್ರ ಫೋಟೋ ಬೇಡ ಎಂದು ವೇಷ ದಾನ ಮಾಡಿದಳು. ನಾನು ನಂಬಬೇಕು.

ಆಮೇಲೆ ಆ ಪಚ್ಚೆಗಳು. ತನ್ನ ಅತ್ತೆಯ ಪಚ್ಚೆಹಾರ ಬಿಚ್ಚಿಸಿ ಕಲ್ಲುಗಳನ್ನು ವೇಷದ ಸೊಂಟಪಟ್ಟಿಗೆ ಹೊಲಿಸುವುದು ಎಂಥ ಹುಚ್ಚೋ. ಹೊಲಿದವಳು ನೀನು. ಮಾರನೇ ಬೆಳಗ್ಗೆ ನೋಡಿದರೆ ಮೂರು ಕಲ್ಲು ಇಲ್ಲ. "ಕುಣಿಯುವಾಗ ಉದುರಿಹೋಗಿರಬೇಕು" ಎಂದು ದೊರೆಸಾನಿ ಅತ್ತದ್ದಕ್ಕೆ ಆ ಮುದುಕಿ ಅತ್ತೆ, "ಮೂರೂ ಒಟ್ಟಿಗೆ ಉದುರೋಕೆ ಅವೇನು ಕಳಿತ ಪ್ಲಮ್ ಹಣ್ಣಾ?" ಅಂದರಂತೆ. ಆ ಮನೆಯಲ್ಲಿ ತಲೆ ನೆಟ್ಟಗಿರುವುದು ಅವರೊಬ್ಬರಿಗೆ.

ಉಡುಪು ಇತ್ತ ಬಂತು, ಅತ್ತ ಪೊಲೀಸರು ಆಳುಗಳ ಪೆಟ್ಟಿಗೆಯಿಂದ ದೊರೆಯ ಬೀರುವಿನವರೆಗೆ ಜಾಲಾಡಿದರು. ಏನೂ ಸಿಗಲಿಲ್ಲ. ಅವರು ಬೆನ್ನು ತಿರುಗಿಸಿದ್ದೇ ತಡ ದೊರೆಸಾನಿಗೆ ಫೋಟೋ ನೆನಪಾಯಿತು. "ಒಂದು ದಿನದ ಮಟ್ಟಿಗೆ ಆ ಉಡುಪು ತರಿಸೇ, ಮತ್ತೆ ಕೊಡ್ತೀನಿ" ಅಂತೆ. ಹೋಗುವಾಗಲೂ ಬರುವಾಗಲೂ ಗಂಟಿನ ಮೇಲೆ ನಿನ್ನ ಹೆಸರು. ದಾರಿಯಲ್ಲಿ ಯಾರಾದರೂ ಬಿಚ್ಚಿ, ಇರಬಾರದ್ದು ಅದರಲ್ಲಿ ಸಿಕ್ಕರೆ ಕೋಳ ಬೀಳುವುದು ಯಾರ ಕೈಗೆ ಮಗಳೇ? ಶೀಬಾ ರಾಣಿಯ ಕೈಗಲ್ಲ.

ಹೋದ ಕಾಗದದಲ್ಲೂ ಇದನ್ನೇ ಕೇಳಿದ್ದೆ. ನೀನು ಉತ್ತರ ಕೊಡುವುದು ಬಿಟ್ಟು ಒಂದು ತಮಾಷೆ ಬರೆದೆ. ತಲೆ ಬಾಚಿಸಿಕೊಳ್ಳುತ್ತಾ ದೊರೆಸಾನಿ, "ನಿಮ್ಮಮ್ಮಂಗೆ ಯಾಕೆ ಅಷ್ಟು ಅನುಮಾನ?" ಅಂದಳಂತೆ. ನನ್ನ ಕಾಗದ ನಿನ್ನ ಕೈ ಸೇರಿದ್ದು ಅದರ ಮಾರನೇ ದಿನವಂತೆ. ಹೂಂ, ತಮಾಷೆಯೇ.

ಅವಳು ಒಳ್ಳೆಯವಳು, ಜ್ವರ ಬಂದಾಗ ಸೂಪು ಕಳಿಸಿದ್ದಳು ಅನ್ನುತ್ತೀ. ಸೂಪು ಕಾಸಿದ್ದು ಅಡುಗೆಯವಳು, ಮಹಡಿಗೆ ಹೊತ್ತದ್ದು ಇನ್ನೊಬ್ಬಳು. ಇವಳದ್ದು ಬರೀ ಬಾಯಿಮಾತು.

ಇರಲಿ. ಕೇಳಿದ್ದಾಳಲ್ಲ, ಶನಿವಾರದ ರೈಲಿಗೆ ಉಡುಪು ಕಳಿಸುತ್ತೇನೆ. ಬಂದ ಹಾಗೇ ಮಂಚದ ಕೆಳಗಿದೆ, ಕಟ್ಟಿದ ದಾರ ಸಹ ಕತ್ತರಿಸಿಲ್ಲ. "ಒಂದ್ಸಲ ಉಟ್ಟು ನೋಡ್ತೀನಿ ಕಣಮ್ಮ, ನಾನೇನು ತಿಂದ್ಬಿಡ್ತೀನಾ?" ಎಂದು ಡೈನಾ ಗೋಗರೆದಳು. "ತಿನ್ನೋದೂ ಬೇಡ, ಮುಟ್ಟೋದೂ ಬೇಡ. ರಾಣಿ ಆಗೋಕೆ ಹೋಗಿ ಜೈಲು ಸೇರ್ತೀಯ" ಎಂದೆ. ಆ ಸಿಟ್ಟನ್ನು ಕೋಳಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ.

ಯಾರು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳು. ಹೊಟ್ಟೆತುಂಬ ಉಣ್ಣು.

ಸಿಟ್ಟು ಬಿಟ್ಟರೆ ನಿನಗೆ ಬೇರೇನೂ ಕೊಡಲಾಗದ ಅಮ್ಮ,
ಕೆಜಾಯಾ ಟ್ರಬ್‌ಷಾ

ತಾ.ಕ.: ಇದು ಥರ್ಜಾಗಲ್ಲ. ಅವಳಿಗಿಂತ ಮೊದಲು ಕಾಗದ ಒಡೆದು ಓದುತ್ತಿರುವ ದೊರೆಸಾನಿಯವರಿಗೆ.

ಮಂಚದ ಕೆಳಗಿದೆ, ದಾರ ಕತ್ತರಿಸಿಲ್ಲ ಅಂತ ಬರೆದದ್ದು ಸುಳ್ಳು. ನಿಮಗೂ ಒಂದು ಗಳಿಗೆ ನೆಮ್ಮದಿ ಇರಲಿ ಅಂತ ಬರೆದೆ. ಉಡುಪು ಬಂದ ದಿನವೇ ಡೈನಾ ಅದನ್ನುಟ್ಟು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿದಳು. ಹಿಂದಿನ ಅಂಚು ಮೇಜಿನ ಕಾಲಿಗೆ ಟಕ್ ಎಂದು ಬಡಿಯಿತು. ಬಟ್ಟೆ ಹಾಗೆ ಸದ್ದು ಮಾಡುವುದಿಲ್ಲ. ನಾನು ಕತ್ತರಿ ಮುಟ್ಟಲಿಲ್ಲ. ಪಾದ್ರಿಗಳನ್ನೂ ಅವರ ಹೆಂಡತಿಯನ್ನೂ ಕರೆಸಿದೆ, ಅಂಚು ಬಿಚ್ಚಿದ್ದು ಆಯಮ್ಮ. ಮೂರೂ ಅಲ್ಲೇ ಇದ್ದವು. ಆ ಅಂಚಿನ ಹೊಲಿಗೆ ನನ್ನ ಮಗಳದ್ದಲ್ಲ. ಅವಳು ಅಷ್ಟು ಕೆಟ್ಟದಾಗಿ ಹೊಲಿದಿದ್ದರೆ ಚಿಕ್ಕಂದಿನಲ್ಲೇ ಕೈಮೇಲೆ ಬಾರಿಸಿರುತ್ತಿದ್ದೆ.

ಉಡುಪನ್ನೂ ಕಲ್ಲುಗಳನ್ನೂ ನಿಮ್ಮ ಅತ್ತೆಯವರ ಕೈಗೇ ಒಪ್ಪಿಸಲು ಪಾದ್ರಿಗಳು ನಾಳೆ ಮೊದಲನೇ ರೈಲು ಹತ್ತುತ್ತಾರೆ. ನೀವು ಇಷ್ಟು ಓದುವ ಹೊತ್ತಿಗೆ ಅವರ ಗಾಡಿ ನಿಮ್ಮ ಬೀದಿಗೆ ತಿರುಗಿರಬೇಕು. ಹಿಂದಕ್ಕೆ ಬರುವಾಗ ನನ್ನ ಮಗಳೂ ಅವರ ಜೊತೆ ಬರುತ್ತಾಳೆ.

ಓದಿ ಮುಗಿದಿದ್ದರೆ ಕಾಗದವನ್ನು ಅವಳಿಗೆ ಕೊಡಿ. ಈ ಸಲ ಮತ್ತೆ ಅಂಟು ಹಚ್ಚುವ ತೊಂದರೆ ತೆಗೆದುಕೊಳ್ಳಬೇಡಿ.