ವಾಸು ಹೇಳಿದ ಸಾಕ್ಷಿ

ಜನವರಿ ೧೨, ಭಾನುವಾರ, ಸಂಜೆ

ನೆನೆದ ಅವರೆಕಾಳು ಹಿತುಕುತ್ತ ಕೂತಿದ್ದೆ. ಫೋನು ಬಿಟ್ಟೂಬಿಡದೆ ಟಿಣ್ ಟಿಣ್. ಸ್ಕೂಲಿನ ಸ್ಟಾಫ್ ಗ್ರೂಪಿನಲ್ಲಿ ಗಣಿತದ ಮೇಡಂ ಒಂದು ವೀಡಿಯೋ ಹಾಕಿದ್ದಾರೆ. ಕೆಳಗೆ — 'ಶಶಿರೇಖಾ, ಇವ್ರು ನಿಮ್ಮ ಯಜಮಾನ್ರಲ್ವಾ?'

ಕೈ ಒರೆಸಿಕೊಂಡು ನೋಡಿದೆ. ಹೌದು. ಇವರೇ. ಹೆಬ್ಬಾಳದ ಕಡೆ ಯಾವುದೋ ಮೈದಾನ. ದೊಡ್ಡ ಸ್ಟೇಜು, ನೀಲಿ ಲೈಟು, ಹಿಂದೆ ಕೀಬೋರ್ಡು. ಮೈಕ್ ಹಿಡಿದು ಅಳುತ್ತಿದ್ದಾರೆ.

'ನಾನು ಮಹಾ ಕುಡುಕ ಆಗಿದ್ದೆ. ನನ್ನ ಹೆಂಡ್ತಿ ಕಣ್ಣೀರು ಹಾಕದ ದಿನ ಇಲ್ಲ. ಯೇಸು ನನ್ನ ಮುಟ್ಟಿದ. ಈಗ ನಾನು ಹೊಸ ಮನುಷ್ಯ!'

ಚಪ್ಪಾಳೆಯೋ ಚಪ್ಪಾಳೆ.

ಯಾರು ಅತ್ತದ್ದು? ನಾನಾ? ಯಾವತ್ತು? ಕ್ರಿಕೆಟ್ ಮ್ಯಾಚಿದ್ದ ದಿನ ಟೆರೇಸಿನ ಮೇಲೆ ಒಂದು ಬಿಯರು, ಆಮೇಲೆ ಗೊರಕೆ. ಈ ಮನೆಯಲ್ಲಿ ನಡೆದ ಕುಡಿತ ಅಷ್ಟೇ.

ನವೆಂಬರಿನಿಂದ ಆಫೀಸಿನ ಯಾರದೋ ಜೊತೆ ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾರೆ. ತಡೆಯಲಿಲ್ಲ. ನಂಬಿಕೆ ಅವರವರದು. ಆದರೆ ನನ್ನ ಕಣ್ಣೀರನ್ನು ಸ್ಟೇಜಿಗೆ ಹತ್ತಿಸಲು ಯಾರನ್ನು ಕೇಳಿದರು?

ಮನೆಗೆ ಬಂದಾಗ ಹಿಡಿದುಕೊಂಡೆ.

'ಅದಕ್ಕೆ ಸಾಕ್ಷಿ ಹೇಳೋದು ಅಂತಾರೆ ಶಶಿ. ಸ್ವಲ್ಪ ಜೋರಾಗಿ ಹೇಳಿದ್ರೇನೇ ಜನಕ್ಕೆ ನಾಟೋದು. ದೇವರ ಮಹಿಮೆಗೆ ತಾನೇ?'

'ದೇವರ ಮಹಿಮೆಗೆ ಸುಳ್ಳು ಬೇಕಾ?'

ಸಾರು ಆಯಿತಾ ಎಂದು ಕೇಳಿದರು.

ಜನವರಿ ೧೪, ಸಂಕ್ರಾಂತಿ

ಅಬ್ಬಿಗೆರೆಯಿಂದ ಅತ್ತೆ ಬಂದರು. ಎಳ್ಳು ಬೆಲ್ಲ, ಆಟೋದಲ್ಲಿ ಅಡ್ಡ ಹಾಕಿಕೊಂಡು ತಂದ ಕಬ್ಬು. ಕಿವಿ ಮಂದ, ಟಿವಿ ಜೋರು. ಒಳಗೆ ಫೋನಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಹೊಸ ಮನುಷ್ಯ ಧಡಾರನೆ ಬಾಗಿಲು ತೆಗೆದು ಬಂದ.

'ಆ ದರಿದ್ರ ಟಿವಿ ಆಫ್ ಮಾಡಮ್ಮ! ಎಷ್ಟ್ ಸಲ ಬಡ್ಕೋಬೇಕು ನಿನಗೆ?'

ಮತ್ತೆ ಒಳಗೆ. ಬಾಗಿಲು ಮುಚ್ಚಿತು. ದನಿ ಜೇನಾಯಿತು — 'ಪ್ರೈಸ್ ದ ಲಾರ್ಡ್ ಬ್ರದರ್...'

ಅತ್ತೆ ನನ್ನ ಮುಖ ನೋಡಿದರು. 'ದ್ಯಾವ್ರು ಬದ್ಲಾದ್ರೆ ಬಾಯೂ ಬದ್ಲಾಗ್ಬೇಕಲ್ವೇನವ್ವ? ಇದು ಅದೇ ಬಾಯಿ ಐತಲ್ಲ!'

ಇಬ್ಬರೂ ನಕ್ಕೆವು. ಅತ್ತೆಯ ಕಣ್ಣು ಮಾತ್ರ ಒದ್ದೆ.

ಫೆಬ್ರವರಿ ೧೬, ಭಾನುವಾರ

ದೀಕ್ಷಾಸ್ನಾನ ಆಗಬೇಕಂತೆ, ನೀರಿನಲ್ಲಿ ಮುಳುಗಿ ಎದ್ದು ಕ್ರೈಸ್ತರಾಗುವುದು. ಮೈದಾನದವರದು ಈಸ್ಟರಿಗೆ, ಗುಂಪಿನಲ್ಲಿ. ಇವರಿಗೆ ಅವಸರ. ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿಯ ಮೇಲೆ ಒಂದು ಸಣ್ಣ ಚರ್ಚು ಇದೆ, ಅಲ್ಲಿ ಬೇಗ ಆಗುತ್ತದೆ ಎಂದುಕೊಂಡು ಹೋದರು. ಅಲ್ಲಿಯ ಪಾಸ್ಟರ್ ಮನೆ ನೋಡದೆ ಕೊಡುವುದಿಲ್ಲ ಎಂದರಂತೆ.

ಇವತ್ತು ಬಂದಿದ್ದರು. ಹೆಸರು ಜಯಶೀಲ. ತೆಳ್ಳಗೆ, ಇಸ್ತ್ರಿ ಕಾಣದ ಶರ್ಟು. ಬಾಗಲಗುಂಟೆ ಸ್ಟಾಪಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದರು. ಇವರು ಸಾಕ್ಷಿ ಶುರು ಮಾಡಿದರು. ಕುಡಿತ, ಸಿಗರೇಟು, ಕಣ್ಣೀರು. ಪಾಸ್ಟರು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

'ಅಮ್ಮ, ನೀವು ಕ್ರೈಸ್ತರಲ್ಲ, ಗೊತ್ತು. ಆದ್ರೆ ಜೊತೇಲಿರೋರು ನೀವು. ಇವರಲ್ಲಿ ಏನಾದ್ರೂ ಬದಲಾಗಿದೆಯಾ?'

'ಏನೂ ಇಲ್ಲ ಸರ್.' ಬಾಯಿಂದ ಹಾಗೇ ಬಂದುಬಿಟ್ಟಿತು.

ಇವರ ಮುಖ ಕೆಂಪಾಯಿತು. 'ಅವಳಿಗೆ ಆತ್ಮೀಕ ವಿಷಯ ಅರ್ಥ ಆಗಲ್ಲ ಪಾಸ್ಟರ್. ನಾನು ಮೈದಾನದಲ್ಲಿ ಎಲ್ಲರ ಮುಂದೆ ಕೈ ಎತ್ತಿ ಯೇಸುನ ಸ್ವೀಕರಿಸಿದ್ದೀನಿ.'

'ಕೈ ನಾವೇ ಎತ್ಕೋಬಹುದು ವಾಸು. ಹೊಸ ಹೃದಯ ಮಾತ್ರ ದೇವರು ಕೊಡ್ಬೇಕು. ಕೊಟ್ರೆ, ಮನೆಯವರ ಕಣ್ಣಿಗೆ ಬೀಳದೆ ಇರಲ್ಲ.' ಕಾಫಿ ಲೋಟ ಕೆಳಗಿಟ್ಟರು. 'ಒಂದ್ ಕೇಳ್ತೀನಿ. ಕುಡಿತ ಬಿಡಿ. ನಿಮ್ಮಿಂದ ಯಾರಿಗೆ ಅನ್ಯಾಯ ಆಗಿದೆ?'

ಇವರು ಫ್ಯಾನು ನೋಡಿದರು.

'ಕಾಯೋಣ,' ಎಂದು ಎದ್ದರು ಪಾಸ್ಟರು.

ಅವರು ಹೋದ ಮೇಲೆ ಕುರ್ಚಿ ಒದ್ದರು ಇವರು. 'ಮಾನ ಕಳೆದೆ ನನ್ನದು!' ಕಳೆಯಲಿ. ಆ ತೆಳ್ಳಗಿನ ಮನುಷ್ಯನ ಮೇಲೆ ನನಗೆ ಮರ್ಯಾದೆ ಬಂದಿದೆ.

ಮಾರ್ಚ್ ೮, ಶನಿವಾರ

ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಅಷ್ಟು ಸಿಟ್ಟಾದವರು ಮೈದಾನಕ್ಕೆ ವಾಪಸ್ ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ಪ್ರತಿ ಭಾನುವಾರ ಆರ್.ಟಿ. ನಗರಕ್ಕೇ. ಅಲ್ಲಿ ಬೈಬಲಿನ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದುತ್ತಿದ್ದಾರಂತೆ. ಕಳೆದ ವಾರದ್ದು — ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು. ಅವತ್ತಿನಿಂದ ಊಟ ಸರಿಯಿಲ್ಲ, ಮಾತಿಲ್ಲ. ಬೆಳಿಗ್ಗೆ ಬಾಲ್ಕನಿಯಲ್ಲಿ ಬೈಬಲ್ ತೆರೆದುಕೊಂಡು ಸುಮ್ಮನೆ ಕೂತಿರುತ್ತಾರೆ.

ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಸಂಕ್ರಾಂತಿ ದಿನ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದ್ದಾರೆ. ಅತ್ತೆ ಗಾಬರಿಯಾಗಿ ನನಗೆ ಫೋನ್ — 'ವಾಸುಗೆ ಜ್ವರ ಗಿರ ಬಂದೈತೇನವ್ವ? ಇಂಗೆಲ್ಲ ಮಾತಾಡೋನಲ್ಲ ಅವ್ನು.'

ಇವತ್ತು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಹೇಳಿದರು. ಸಂಯುಕ್ತಾ ವಿಷಯ.

ಯಲಹಂಕದ ಔಷಧ ಫ್ಯಾಕ್ಟರಿ, ಇವರ ಲ್ಯಾಬು. ಎರಡು ವರ್ಷದ ಹಿಂದೆ ಅಲ್ಲಿ ಕೆಲಸಕ್ಕಿದ್ದ ಹುಡುಗಿ. ಪ್ಲಾಂಟ್ ಮ್ಯಾನೇಜರ್ ಸ್ಯಾಂಪಲ್ ರೂಮಿನಲ್ಲಿ ಬಾಗಿಲು ಹಾಕಿ ಕೈ ಹಿಡಿದೆಳೆದ ಎಂದು ಕಂಪನಿಯ ದೂರು ಸಮಿತಿಗೆ ಹೋಗಿದ್ದಳು. ಸಾಕ್ಷಿಯಾಗಿ ಇವರನ್ನು ಕರೆದಿದ್ದರು. ಇವರು ಏನೂ ನೋಡಿಲ್ಲ ಎಂದರು. ಪ್ರಮೋಷನ್ ಸಿಗದ ಸಿಟ್ಟಿಗೆ ಕಥೆ ಕಟ್ಟಿದ್ದಾಳೆ ಎಂದೂ ಸೇರಿಸಿದರು. ನನಗೂ ಅದನ್ನೇ ಹೇಳಿದ್ದರು. ಅವಳು ಕೆಲಸ ಬಿಟ್ಟಳು, ಕಾರ್ಮಿಕ ನ್ಯಾಯಾಲಯದಲ್ಲಿ ಕೇಸು ಹಾಕಿದಳು. ಆಮೇಲೆ ಇವರು ಅಸಿಸ್ಟೆಂಟ್ ಮ್ಯಾನೇಜರ್. ಮೈಸೂರ್‌ಪಾಕ್ ಹಂಚಿದೆವು.

'ನಾನು ನೋಡಿದ್ದೆ ಶಶಿ. ಬಾಗಿಲ ಹೊರಗೇ ಇದ್ದೆ, ಗಾಜಿನಲ್ಲಿ ಕಾಣ್ತಿತ್ತು. ಬಿಡಿ ಸರ್, ಬಿಡಿ ಸರ್ ಅಂತಿದ್ಲು. ಆಚೆ ಬಂದಾಗ ಲ್ಯಾಬ್ ಕೋಟಿನ ತೋಳು ಹರಿದಿತ್ತು. ನನ್ನ ಮುಖ ನೋಡಿದ್ಲು. ನಾನು ರಿಜಿಸ್ಟರ್ ತಿರುವ್ತಾ ನಿಂತೆ.'

ಈ ಮನುಷ್ಯ ಸ್ಟೇಜ್ ಹತ್ತಿ ಬಿಯರಿಗೆ ಅತ್ತ! ಬಿಯರಿಗೆ!

ಮಾರ್ಚ್ ೧೩, ಗುರುವಾರ

ಮಾತು ಬಿಟ್ಟಿದ್ದೆ. ಇವತ್ತು ಅವರೇ ಶುರು ಮಾಡಿದರು. ಕಂಪನಿಗೆ ಎಲ್ಲ ಬರೆದು ಕೊಡುತ್ತಾರಂತೆ.

'ಯಾಕೆ ಈಗ? ಹೇಳಿದ್ರೆ ದೇವರು ಕ್ಷಮಿಸ್ತಾನೆ ಅಂತಾನಾ?'

'ಅಲ್ಲ. ಅವನು ಕ್ಷಮಿಸಿದ್ದಾನೆ. ನಾನು ಕೊಡಬೇಕಾದ ಬೆಲೆ ಕ್ರಿಸ್ತ ಕೊಟ್ಟಾಗಿದೆ. ಅದಕ್ಕೇ ಇನ್ನು ಮುಚ್ಚಿಟ್ಕೊಂಡು ಇರೋಕಾಗ್ತಿಲ್ಲ.'

ಮೈಯೆಲ್ಲ ಉರಿಯಿತು. 'ಕ್ಷಮಿಸಿದ್ದಾನಾ? ಯಾರ್ರೀ ಕ್ಷಮಿಸಿದ್ದು? ಕೈ ಎಳೆಸಿಕೊಂಡಿದ್ದು ನಿಮ್ಮ ದೇವರಾ, ಸಂಯುಕ್ತಾನಾ? ಅವಳನ್ನ ಕೇಳಿದ್ರಾ? ಬಾಲ್ಕನೀಲಿ ಕೂತ್ಕೊಂಡು ನೀವೂ ದೇವರೂ ರಾಜಿ ಮಾಡ್ಕೊಂಡ್ರಾ?'

ಬೇರೆ ದಿನವಾಗಿದ್ದರೆ ಕೂಗುತ್ತಿದ್ದರು. ಇವತ್ತು ತಲೆ ತಗ್ಗಿಸಿದರು. 'ನೀನು ಹೇಳೋದು ಸರಿ. ಅವಳ ಹತ್ರ ಹೋಗ್ಬೇಕು. ಅವಳು ಕ್ಷಮಿಸದೆ ಇದ್ರೂ ಹೋಗ್ಬೇಕು.'

ಜಗಳಕ್ಕೆ ಎದುರಾಳಿಯೇ ಇಲ್ಲದಂತಾಯಿತು. ಅದಕ್ಕೂ ಸಿಟ್ಟು.

ಮಾರ್ಚ್ ೩೦, ಯುಗಾದಿ

ಅಬ್ಬಿಗೆರೆ. ಅತ್ತೆ ಪೂಜೆಗೆ ಕರೆದರು. ಇವರು ಹೊಸಿಲ ಹೊರಗೇ ನಿಂತರು. ಅತ್ತೆ ಬಿಕ್ಕಿದರು — 'ನಿಮ್ಮಪ್ಪ ಕಟ್ಟಿದ ದ್ಯಾವರ ಗೂಡು ಕಣೋ ಇದು!' ನಾನು ಪಕ್ಕಕ್ಕೆ ಎಳೆದು ಕೇಳಿದೆ. ಒಂದು ಸಲ ಕೈ ಮುಗಿದರೆ ಗಂಟೇನು ಹೋಗುತ್ತಿತ್ತು?

'ಅಮ್ಮನ ಮುಂದೆ ನಾಟಕ ಆಡಿದ್ದು ಸಾಕು ಶಶಿ.'

ಹೋಳಿಗೆ ತಿಂದರು. ಊಟವಾದ ಮೇಲೆ ಹಿತ್ತಲಲ್ಲಿ ಕೂತು ಅಷ್ಟೂ ಪಾತ್ರೆ ತಿಕ್ಕಿದರು. ಅತ್ತೆ ದೂರದಿಂದ ನೋಡುತ್ತಿದ್ದರು. ಸಮಾಧಾನವಾಗಲಿಲ್ಲ ಅವರಿಗೆ. ನನಗೂ.

ಏಪ್ರಿಲ್ ೯

ಇವರು ಕಂಪನಿಗೆ ಎಲ್ಲ ಬರೆದು ಕೊಟ್ಟು ಬಂದರು. ಸಂಜೆಯ ಹೊತ್ತಿಗೆ ಪ್ಲಾಂಟ್ ಮ್ಯಾನೇಜರ್ ನನಗೇ ಫೋನ್ ಮಾಡಿದ! ನಂಬರು ಎಲ್ಲಿ ಸಿಕ್ಕಿತೋ.

'ಮೇಡಂ, ಯಾರೋ ಬ್ರೈನ್‌ವಾಶ್ ಮಾಡಿದ್ದಾರೆ ವಾಸೂಗೆ. ಅವನು ಫ್ಯಾಮಿಲಿ ಮ್ಯಾನ್. ನೀವಾದ್ರೂ ಬುದ್ಧಿ ಹೇಳಿ.'

'ಬಾಗಿಲು ಹಾಕಿದ್ದು ಯಾರು ಸರ್, ನೀವಾ, ಪಾಸ್ಟರಾ?'

ಕಟ್ ಮಾಡಿದ.

ಏಪ್ರಿಲ್ ೨೨

ಇವರು ಸಸ್ಪೆಂಡ್. ಹೌದು, ಇವರು! ಹಿಂದೆ ಸಮಿತಿಗೆ ಸುಳ್ಳು ಹೇಳಿದ್ದಕ್ಕೆ. ಆ ಮ್ಯಾನೇಜರ್ ಮಾತ್ರ ಅದೇ ಕ್ಯಾಬಿನ್ನಿನಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದಾನೆ.

ಮೈದಾನದ 'ಬ್ರದರ್' ಫೋನ್ ಮಾಡಿದ್ದರು. ಇದು ಸೈತಾನನ ದಾಳಿಯಂತೆ. ಬಂದು ಇನ್ನೊಂದು ಸಾಕ್ಷಿ ಹೇಳಬೇಕಂತೆ, ಕೆಲಸ ವಾಪಸ್ ಬರುತ್ತದಂತೆ. ಇವರು ಹೇಳಿದ್ದು ಅಡುಗೆಮನೆಗೆ ಕೇಳಿಸಿತು. 'ಸೈತಾನ ಅಲ್ಲ ಬ್ರದರ್, ನಾನೇ ಮಾಡಿದ್ದು. ಅವತ್ತು ಸ್ಟೇಜಲ್ಲಿ ಹೇಳಿದ್ದೂ ಸುಳ್ಳು. ದಯವಿಟ್ಟು ಆ ವೀಡಿಯೋ ತೆಗೀರಿ.'

ತೆಗೆದಿಲ್ಲ. ನೋಡಿದೆ. ಇನ್ನೂ ಇದೆ.

ಪಾಸ್ಟರ್ ಜಯಶೀಲ ಬಂದಿದ್ದರು. ಅವರ ಮೇಲೂ ಹರಿಹಾಯ್ದೆ. 'ನಿಮ್ಮ ದೇವರು ಕೊಡೋ ಬಹುಮಾನ ಇದೇನಾ ಸರ್?'

'ಬಹುಮಾನ ಅಂತ ನಾನ್ ಯಾವತ್ತೂ ಹೇಳಿಲ್ಲಮ್ಮ. ಕಷ್ಟ ಆಗುತ್ತೆ ಅಂತಾನೇ ಹೇಳಿದ್ದು.' ಆಮೇಲೆ, 'ನಿಮಗೆ ಸಿಟ್ಟು ಬಂದಿರೋದ್ರಲ್ಲಿ ತಪ್ಪಿಲ್ಲ' ಎಂದರು. ಸಮಾಧಾನದ ಮಾತು ಹೇಳಿದ್ದರೆ ಕಳಿಸಿಬಿಡುತ್ತಿದ್ದೆ.

ಮೇ ೧೭, ಶನಿವಾರ

ಸಂಯುಕ್ತಾ ಕೊನೆಗೆ ಭೇಟಿಗೆ ಒಪ್ಪಿದಳು. ಷರತ್ತು — ನಾನೂ ಜೊತೆಗಿರಬೇಕು. ಯಶವಂತಪುರ ಸ್ಟೇಷನ್ ಎದುರಿನ ಹೋಟೆಲು. ನನ್ನ ಕಲ್ಪನೆಯಲ್ಲಿ ಯಾರೋ ಜೋರಿನ ಹುಡುಗಿ. ಬಂದದ್ದು ಸಣ್ಣ ಮೈಯ, ಕೂರುವ ಮುಂಚೆ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುವ ಹುಡುಗಿ.

ಇವರು ನಿಂತೇ ಹೇಳಿದರು. 'ನಾನು ನೋಡಿದ್ದೆ. ಸುಳ್ಳು ಹೇಳಿದೆ. ಪ್ರಮೋಷನ್ ಆಸೆಗೆ ಹೇಳಿದೆ. ನಿಮ್ಮ ಹೆಸರು ಕೆಡಿಸಿದ್ದು ನಾನು. ಕ್ಷಮಿಸಿ.'

ಅಷ್ಟೇ. ಯೇಸು ಅನ್ನಲಿಲ್ಲ, ಹೊಸ ಮನುಷ್ಯ ಅನ್ನಲಿಲ್ಲ. ಅಳಲೂ ಇಲ್ಲ.

'ಎರಡು ವರ್ಷ ಸರ್,' ಎಂದಳು. ದನಿ ಎತ್ತಲಿಲ್ಲ. 'ನಮ್ಮಮ್ಮನೇ ನನ್ನ ಕೇಳಿದ್ರು — ನೀನೇನಾದ್ರೂ ನಗ್‌ನಗ್ತಾ ಮಾತಾಡಿಸಿದ್ಯಾ ಅಂತ. ಬಂದಿದ್ದ ಸಂಬಂಧ ಮುರೀತು. ಕಣ್ಮುಚ್ಚಿದ್ರೆ ಅವನು ಬರಲ್ಲ ಸರ್, ನೀವು ಬರ್ತೀರಿ. ರಿಜಿಸ್ಟರ್ ತಿರುವ್ತಾ. ಈಗ ದೇವರು ಸಿಕ್ಕಿದ, ಮನಸ್ಸು ಹಗುರ ಮಾಡ್ಕೋಬೇಕು ಅಂತ ಬಂದ್ರಾ?'

'ಹಗುರ ಆಗೋಕಲ್ಲ. ನಿಮ್ಮ ಕೇಸಿದೆಯಲ್ಲ, ಅದರಲ್ಲಿ ಸಾಕ್ಷಿ ಹೇಳ್ತೀನಿ. ಎಲ್ಲಿ ಕರೆದ್ರೂ ಬರ್ತೀನಿ.'

'ಹೇಳಿ. ಅದು ನೀವು ಮಾಡ್ಬೇಕಾದ್ದು. ಆದ್ರೆ ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ.'

'ಇಲ್ಲ. ಕೇಳಲ್ಲ.'

ಕಾಫಿ ಮುಟ್ಟದೆ ಎದ್ದು ಹೋದಳು. ಅವಳ ಪರವಾಗಿ ಮೇಜು ಗುದ್ದಬೇಕು ಅನ್ನಿಸಿತು. ಪಕ್ಕದಲ್ಲಿ ಇವರು ಅಲ್ಲಾಡದೆ ನಿಂತಿದ್ದರು, ಪೆಟ್ಟು ಬಿದ್ದ ಜಾಗವನ್ನು ಮುಚ್ಚಿಕೊಳ್ಳದೆ. ಆ ಮನುಷ್ಯನನ್ನು ನಾನು ಮೊದಲು ನೋಡಿರಲಿಲ್ಲ.

ಜುಲೈ ೬, ಭಾನುವಾರ

ಇವರ ಕೆಲಸ ಹೋಯಿತು. ಪೂರ್ತಿ. ಈಗ ಅಬ್ಬಿಗೆರೆಯಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಲ್ಯಾಬು. ತಮಗಿಂತ ಚಿಕ್ಕವನ ಕೈಕೆಳಗೆ.

ಕಾರ್ಮಿಕ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದರು. ಕಂಪನಿಯ ವಕೀಲ ಮೈಮೇಲೆ ಬಿದ್ದ ಹಾಗೆ ಕೇಳಿದ. 'ಅವತ್ತು ಸುಳ್ಳು ಹೇಳಿದವರು ನೀವು. ಇವತ್ತು ನಿಜ ಅಂತ ಹೇಗೆ ನಂಬೋದು?' ಇವರು, 'ನಂಬೋಕೆ ಕಷ್ಟಾನೇ ಸರ್. ನನ್ನ ಮಾತೊಂದೇ ಬೇಡ, ಕಂಪನಿ ಎತ್ತಿಟ್ಟಿರೋ ಅವತ್ತಿನ ಸಿಸಿಟಿವಿ ತರಿಸಿ' ಎಂದರು.

ನ್ಯಾಯಾಧೀಶರು ತರಿಸಲು ಹೇಳುತ್ತಿದ್ದಂತೆ ಕಂಪನಿ ರಾಜಿಗೆ ಬಂತು.

ಆಗಸ್ಟ್ ೨೦

ಹಳೆಯ ವರದಿ ರದ್ದು. ದೂರು ನಿಜವೆಂದು ಕಂಪನಿಯೇ ಬರೆದು ಕೊಟ್ಟಿದೆ ಸಂಯುಕ್ತಾಗೆ. ಮ್ಯಾನೇಜರ್ ಹೊರಗೆ. ಹೇಗೆ? 'ವೈಯಕ್ತಿಕ ಕಾರಣಗಳಿಗಾಗಿ ರಾಜೀನಾಮೆ.' ಶಾಲು ಹೊದಿಸಿ ಕಳಿಸಿದರಂತೆ! ಶಾಲು!

ಇದೇನಾ ನ್ಯಾಯ ಎಂದು ಕೂಗಾಡಿದೆ. ಇವರು, 'ಪೂರ್ತಿ ನ್ಯಾಯ ಇಲ್ಲಿ ಸಿಗಲ್ಲ ಶಶಿ. ಅದನ್ನ ಮಾಡೋನು ಒಬ್ಬ ಇದ್ದಾನೆ' ಎಂದರು. ಅವನ ಕಣ್ಣಿಗೆ ಶಾಲು ಕಾಣಿಸುವುದಿಲ್ಲವಾ ಎಂದು ಕೇಳಿದೆ. 'ಶಾಲಿನ ಕೆಳಗಿರೋದೂ ಕಾಣುತ್ತೆ. ನನ್ನದೂ ಕಂಡಿತ್ತು' ಎಂದರು.

ಪಾಸ್ಟರು ತಾವಾಗಿ ದೀಕ್ಷಾಸ್ನಾನದ ಮಾತೆತ್ತಿದರಂತೆ. ಈಗ ಇವರೇ ಬೇಡ ಎಂದರಂತೆ, ಯೋಗ್ಯತೆಯಿಲ್ಲ ಎಂದು. 'ಯೋಗ್ಯತೆ ಇರೋರಿಗೆ ಅದು ಬೇಕೇ ಆಗಿಲ್ಲ' ಎಂದರಂತೆ ಅವರು. ಬರುವ ಭಾನುವಾರ.

ಆಗಸ್ಟ್ ೨೪, ಭಾನುವಾರ, ಬೆಳಿಗ್ಗೆ

ಇವರು ಮುಂಚೆಯೇ ಹೋದರು. ಬರಲೇಬೇಕು ಅನ್ನಲಿಲ್ಲ. ಅತ್ತೆ ಬಂದಿದ್ದಾರೆ, ಹಾಲ್‌ನಲ್ಲಿ ರೇಷ್ಮೆ ಸೀರೆ ಉಟ್ಟು ಸಿಡುಕುತ್ತ ಕೂತಿದ್ದಾರೆ — 'ಅವ್ನು ಮಾಡೋದು ನಂಗೆ ಇಷ್ಟ ಇಲ್ಲ. ಆದ್ರೂ ನನ್ ಮಗ ಕಣವ್ವ. ನಡಿ.'

ಸೀರೆಗೆ ಪಿನ್ ಹಾಕುತ್ತಿದ್ದೆ. ಮೆಸೇಜು. ಸಂಯುಕ್ತಾ.

'ಮೇಡಂ, ನಿಮ್ಮನ್ನ ಒಂದು ಕೇಳ್ಬೇಕು. ಅವರು ನಿಜವಾಗ್ಲೂ ಬದಲಾಗಿದ್ದಾರಾ? ಅಥವಾ ಇದೂ ಒಂದು ವೇಷನಾ? ನೀವು ಹೇಳಿದ್ರೆ ನಂಬ್ತೀನಿ.'

ಮಂಚದ ಮೇಲೆ ಕೂತೆ. ಏನೇನೋ ಟೈಪ್ ಮಾಡಿದೆ, ಅಳಿಸಿದೆ. ನನ್ನ ಸಿಟ್ಟು ಇಳಿದಿಲ್ಲ. ಕಂಪನಿಯ ಮೇಲೆ, ಶಾಲಿನ ಮೇಲೆ, ಇನ್ನೂ ಓಡುತ್ತಿರುವ ಆ ವೀಡಿಯೋದ ಮೇಲೆ, ಈ ಮನುಷ್ಯ ಅವತ್ತೇ ಬಾಯಿ ಬಿಡದೆ ಹೋದದ್ದರ ಮೇಲೆ. ಇವರನ್ನು ಮುರಿದು ಮತ್ತೆ ಕಟ್ಟಲು ಎರಡು ವರ್ಷ ತಡ ಮಾಡಿದ ದೇವರ ಮೇಲೆ. ಯಾವುದನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಅವಳು ಕೇಳಿದ್ದು ನನ್ನ ಸಿಟ್ಟನ್ನಲ್ಲ. ಕಂಡದ್ದನ್ನು.

'ನಿಜ' ಎಂದು ಬರೆದೆ. ಕಳಿಸಿದೆ.

ಟಿಕ್ ನೀಲಿಯಾಯಿತು. ಉತ್ತರ ಬಂದಿಲ್ಲ. ಅತ್ತೆ ಕೂಗುತ್ತಿದ್ದಾರೆ, ಆಟೋ ಬಂದಿದೆ. ನಾನೇ ಬರೆದ ಆ ಒಂದು ಮಾತನ್ನು ನೋಡುತ್ತ ಕೂತಿದ್ದೇನೆ. ಇದು ನಿಜವಾದರೆ, ಇವರನ್ನು ಹೀಗೆ ಮಾಡಿದವನೂ ನಿಜ. ಅವನು ನಿಜವಾದರೆ, ನಾನು —