ನಲವತ್ತೊಂದು ನಿಮಿಷದ ದೂರ

ಗುರುವಾರ, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಆತುರಗಾತಿ,

ಫೋನಿನಲ್ಲಿ ಹೇಳಿದರೆ ನಗುತ್ತೀಯ. ಜೊತೆಗೆ ನಿನ್ನ ಮಗಳು ಎದುರಿಗೇ ಕೂತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಹನ್ನೊಂದರ ವಿಮಾನದಲ್ಲಿ ಈ ಪತ್ರ ಬರುತ್ತದೆ, ಅವಳು ಬರುವುದಿಲ್ಲ. ಟಿಕೆಟ್ ಹರಿದುಹಾಕಿದೆ.

ಮೂರು ವರ್ಷ ಓದಲೆಂದು ನನ್ನ ಬಳಿ ಇದ್ದವಳನ್ನು ಕಳಿಸಲಾರದೆ ಅಕ್ಕ ಕಥೆ ಕಟ್ಟಿದಳು ಎನ್ನುತ್ತೀಯ. ಕಳಿಸಲು ಮನಸ್ಸಿಲ್ಲ, ನಿಜ. ಅವಳ ಚಪ್ಪಲಿ ಇಲ್ಲದ ಬಾಗಿಲನ್ನು ನೆನೆಯಲೂ ಆಗುವುದಿಲ್ಲ. ಆದರೆ ಇದು ಬೇರೆ.

ನಿನ್ನ ನಿಲ್ದಾಣಕ್ಕೂ ನನ್ನದಕ್ಕೂ ನೂರ ಎಂಬತ್ತನಾಲ್ಕು ಕಿಲೋಮೀಟರ್, ನಲವತ್ತೊಂದು ನಿಮಿಷ. ಹನ್ನೆರಡು ಸೀಟಿನ ಅದೇ ಪುಟ್ಟ ವಿಮಾನ. ಇಲ್ಲಿ ಏರಿದಾಗ ನಾನು ಫೋನಿನಲ್ಲಿ 'ಹೊರಡ್ತು' ಎನ್ನುತ್ತೇನೆ, ಅಲ್ಲಿ ಇಳಿದಾಗ ನೀನು 'ಬಂತು' ಎನ್ನುತ್ತೀಯ. ಇಬ್ಬರೂ ವೇಳೆ ಬರೆದುಕೊಳ್ಳುತ್ತೇವೆ. ಹದಿನಾರು ವರ್ಷದಿಂದ ಇದೇ ಕೆಲಸ.

ಹೋದ ವಾರ ನೀನು ಮೂವತ್ಮೂರನೇ ನಿಮಿಷಕ್ಕೇ 'ಬಂತು' ಎಂದೆ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಚಿಕ್ಕಂದಿನಿಂದ ನೀನು ಹಾಗೆಯೇ, ಜಡೆಯನ್ನೂ ಹೆಣೆದುಕೊಳ್ಳದೆ ಒಳಗಿನಿಂದ 'ಬಂದೆ, ಬಂದೆ' ಎಂದು ಕೂಗುತ್ತಿದ್ದವಳು. ನಾವೆಲ್ಲ ಹಾಗೇ ತಾನೆ ಹೇಳುವುದು, ಇನ್ನೂ ಹೊರಡದೆಯೇ ಬಂದಾಯಿತೆಂದು? ಮರುದಿನ ಇಪ್ಪತ್ತು ನಿಮಿಷ. ಆಮೇಲೆ ಒಂಬತ್ತು. ನಿನ್ನೆ ವಿಮಾನ ನನ್ನ ಕಿಟಕಿಯ ಮುಂದೆ ಇಂಧನ ತುಂಬಿಸಿಕೊಳ್ಳುತ್ತಿದ್ದಾಗಲೇ ನೀನು 'ಬಂತು' ಎಂದೆ. ನಾನು ರೇಗಿದೆ. 'ಅಯ್ಯೋ ಅಕ್ಕ, ಜನ ಇಳಿದು ಟ್ಯಾಕ್ಸಿ ಹತ್ತಿ ಹೋದ್ರು, ನಿಂಗೇನಾಗಿದೆ?' ಎಂದು ನೀನು ನನಗೇ ಬೈದೆ. ಪೈಲಟ್‌ನನ್ನು ನಾನೇ ಕೇಳಿದೆ. ಅವನ ಗಡಿಯಾರದಲ್ಲಿ ನಲವತ್ತೊಂದೇ. 'ಮೇಡಂ, ಕನ್ನಡಕ ಬದಲಾಯಿಸಿ' ಎಂದು ನಕ್ಕ.

ಇವತ್ತು ಹತ್ತು ಗಂಟೆಗೆ ನಿನ್ನ ಫೋನು. 'ವಿಮಾನ ಬಂತು, ಇವಳೂ ಬಂದ್ಲು. ಯಾಕೋ ಮಾತೇ ಆಡ್ತಿಲ್ಲ ಅಕ್ಕ. ಬ್ಯಾಗೂ ತಂದಿಲ್ಲ. ಮುಖ ಒದ್ದೆ, ಹೆಗಲ ಮೇಲೆ ಹಸಿರು ಟವೆಲ್ಲು. ನಿನ್ ಜೊತೆ ಜಗಳ ಆಡಿದ್ಲಾ?'

ಅವಳು ನನ್ನೆದುರು ಬಿಸ್ಕತ್ತು ತಿನ್ನುತ್ತಿದ್ದಳು. ಮುಖ ಒದ್ದೆಯಾಗಿರಲಿಲ್ಲ. ನಾನು 'ಹ್ಞೂಂ' ಎಂದು ಫೋನಿಟ್ಟು ಟಿಕೆಟ್ ಹರಿದೆ. 'ಬಿಟ್ಟಿರೋಕಾಗಲ್ಲ ಅಂತ ಬಾಯಿಬಿಟ್ಟು ಹೇಳಿ ದೊಡ್ಡಮ್ಮ, ಹರಿಯೋದು ಯಾಕೆ?' ಎಂದು ಅತ್ತಳು.

ನಿನ್ನ ಬಳಿ ಕೂತಿರುವವಳನ್ನು ಮುಟ್ಟಬೇಡ. ಹೆಸರು ಹಿಡಿದು ಕರೆಯಬೇಡ. ನಿನ್ನ ಮಗಳು ಇಲ್ಲಿದ್ದಾಳೆ. ಬಸ್ಸಿನಲ್ಲಿ ನಾನೇ ಕರೆತರುತ್ತೇನೆ. ಐದು ಗಂಟೆ ಹಿಡಿಯಲಿ, ಒಂದೊಂದು ಊರೂ ಕಣ್ಣೆದುರೇ ಹಾದುಹೋಗಲಿ.

ನಿನ್ನ
ಅಕ್ಕ

ಲಕೋಟೆ ಅಂಟಿಸುವ ಮೊದಲು: ಬಸ್ಸಿಗೆ ಹೊತ್ತಾಯಿತು, ಮುಖ ತೊಳೆದು ಬಾರೇ ಎಂದು ನಾನೇ ಕಳಿಸಿದೆ. ಬ್ಯಾಗು ನನ್ನ ಕಾಲ ಬಳಿ ಬಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೋದಳು. ಅದು ಹಸಿರೆಂದು ಆಮೇಲೆ ಹೊಳೆಯಿತು. ಓಡಿಹೋಗಿ ಕೂಗಿದೆ. 'ಬಂದೆ' ಎಂದಳು. ಬಚ್ಚಲ ಬಾಗಿಲು ತೆರೆದೇ ಇತ್ತು. ನಲ್ಲಿ ಸುರಿಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ವಿಮಾನ ಇನ್ನೂ ಕಿಟಕಿಯ ಮುಂದೆಯೇ ನಿಂತಿದೆ. ಮುಟ್ಟಬೇಡ ಎಂದದ್ದನ್ನು ಹೊಡೆದುಹಾಕು ತಂಗಿ. ಅವಳನ್ನು ಗಟ್ಟಿಯಾಗಿ ಹಿಡಿದುಕೋ.