ಸೀಳದ ಹಲಸಿನ ಬೇಳೆ

೨೨ ಜುಲೈ ೧೯೫೨, ಸಂಜೆ

ಮದುವೆಯಾಗಿ ಎಪ್ಪತ್ತೆರಡನೇ ದಿನ! ಎಂದಿನಂತೆ ಇವರಿಗೆ ಕಾಫಿ ಕೊಟ್ಟು, ಕೆಂಡಕ್ಕೆ ಹಲಸಿನ ಬೇಳೆ ಹಾಕಿದೆ. ಸಿಪ್ಪೆ ಸೀಳಿ ಹಾಕಬೇಕಂತೆ. ಕಾನ್ವೆಂಟಿನಲ್ಲಿ ಇದನ್ನೆಲ್ಲ ಯಾರು ಕಲಿಸಿದರು? ಢಂ! ಬೂದಿಯೆಲ್ಲ ಮೇಲೆ. ನಗುತ್ತಾ ತಿರುಗಿದರೆ ಇವರಿಲ್ಲ. ಮಂಚದ ಕೆಳಗೆ. ತಲೆಯ ಮೇಲೆ ಕೈ. ಕಾಶ್ಮೀರದಿಂದ ಮೆಡಲ್ ತಂದ ನನ್ನ ಹ್ಯಾಂಡ್‌ಸಮ್ ಹವಲ್ದಾರ್! ಮುಟ್ಟಿದೆ – ಮಣಿಕಟ್ಟು ತಿರುಚಿದರು. ನಾನೆಂದು ತಿಳಿದ ಮೇಲೆ ಅತ್ತುಬಿಟ್ಟರು.

"ಯಾರಿಗೂ ಹೇಳ್ಬೇಡ ಕೂಸೇ," ಅಂದರು ಬೊಳ್ಳಮ್ಮ ಅತ್ತೆ. "ಯುದ್ಧಂದ ಬಂದಮೇಲೆ ಅವಂಗೆ ಹೀಂಗೇ ಉಟ್ಟು."

ಅಂದರೆ ಮದುವೆಗೆ ಮೊದಲೇ ಗೊತ್ತಿತ್ತು!

೨೫ ಜುಲೈ

ಮನೆ ತುಂಬ ಪಿಸುಮಾತು. ಒನಕೆ ಕುಟ್ಟುವುದು ನಿಂತಿದೆ. ಮನೆಯ ಕೋವಿಯನ್ನು ಅತ್ತೆ ಭತ್ತ ತುಂಬುವ ಪತ್ತಾಯದ ಹಿಂದೆ ಅಡಗಿಸಿದ್ದಾರೆ. ಪಾತ್ರೆಗಳನ್ನು ಬಟ್ಟೆಯ ಮೇಲಿಡುತ್ತೇನೆ. ಆದರೂ ಇವರು ಎಲೆ ಬಿದ್ದರೆ ಬೆಚ್ಚುತ್ತಾರೆ. ನನ್ನನ್ನು 'ಕಾನ್ವೆಂಟ್' ಎಂದು ರೇಗಿಸಿ ಮೂರು ದಿನವಾಯಿತು.

ಸೆಪ್ಟೆಂಬರ್ ಮೂರಕ್ಕೆ ಕೈಲ್ ಮುಹೂರ್ತ, ಆಯುಧಗಳ ಹಬ್ಬ. ಕೋವಿ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಮೊದಲ ಗುಂಡು ಯಜಮಾನನದು. ಮಾವ ತೀರಿಕೊಂಡ ಮೇಲೆ ಇದು ಮೊದಲ ಹಬ್ಬ. ಇನ್ನು ಇವರೇ. ಊರೆಲ್ಲ ನೋಡುತ್ತದೆ.

"ಅದಕ್ಕೆ ಮೊದ್ಲೇ ಮೈಸೂರಿಗೆ ಹೋಗ್ತೆ," ಅಂದರು ಇವರು. "ವಾಪಸ್ ಬರುದು..." ಮುಗಿಸಲಿಲ್ಲ.

೧ ಆಗಸ್ಟ್

ಸಿದ್ದಾಪುರದ ಎಸ್ಟೇಟ್ ಡಾಕ್ಟರ್ ಹಿಂದೆ ಮಿಲಿಟರಿಯಲ್ಲಿದ್ದವರು. ಹಲ್ಲುನೋವೆಂದು ಸುಳ್ಳು ಹೇಳಿ ಇವರನ್ನು ಬಸ್ ಹತ್ತಿಸಿದೆ – ನನ್ನ ಹಲ್ಲು!

"ಮನೇಲಿ ಸದ್ದೇ ಇಲ್ಲದ ಹಾಗೆ ಮಾಡಿದ್ದೇವೆ ಡಾಕ್ಟರ್," ಅಂದೆ, ಹೆಮ್ಮೆಯಿಂದ.

"ತಪ್ಪು ಮಾಡಿದಿರಿ ತಾಯಿ. ಅಡಗಿಸಿದಷ್ಟೂ ಭಯ ಬೆಳೆಯುತ್ತೆ. ಸದ್ದು ಕಳ್ಳನ ಹಾಗೆ ಬರಬಾರದು, ಇವರೇ ಕರೀಬೇಕು. ಚಿಕ್ಕದರಿಂದ ಶುರುಮಾಡಿ. ದಿನಾ. ಅಲ್ಲಿ ಆದದ್ದನ್ನ ನಿಧಾನಕ್ಕೆ ಬಾಯಿಬಿಟ್ಟು ಹೇಳಲಿ."

ಚಿಕ್ಕ ಸದ್ದು... ಬಸ್ಸಿನಲ್ಲಿ ಹೊಳೆಯಿತು. ಹಲಸಿನ ಬೇಳೆ!!

೪ ಆಗಸ್ಟ್

ಒಂದೇ ಬೇಳೆ, ಸೀಳದ್ದು. ಇವರೇ ಕೆಂಡಕ್ಕೆ ಹಾಕಿದರು. ನಾನು ಒಂದು, ಎರಡು ಎಂದು ಎಣಿಸಿದೆ. ಹನ್ನೊಂದಕ್ಕೆ ಎದ್ದು ಓಡಿದರು.

೯ ಆಗಸ್ಟ್

ನಲವತ್ತಕ್ಕೆ ಸಿಡಿಯಿತು. ಕೂತೇ ಇದ್ದರು! ಬೆವರು. ನನ್ನ ಬೆರಳು ಮುರಿಯುವಂಥ ಹಿಡಿತ. ಆಮೇಲೆ ಬೂದಿ ಕೆದಕುತ್ತಾ –

"ಸಣ್ಣಸ್ವಾಮಿ ಬೀಡಿ ಕೇಳ್ದ. ಇಲ್ಲೆ ಅಂದೆ. ಜೇಬಲ್ಲಿ ಇತ್ತ್."

ಕಂದಕದಲ್ಲಿ ಪಕ್ಕದವನನ್ನು ಕೇಳಲು ಎದ್ದನಂತೆ, ಗುಂಡು ತಗಲಿತಂತೆ. ಅಷ್ಟೇ.

ಆ ಬೇಳೆಯನ್ನು ಇಬ್ಬರೂ ತಿಂದೆವು. ಅರ್ಧ ಕರಕಲು.

೨೪ ಆಗಸ್ಟ್

ದಿನಕ್ಕೆ ಐದು ಬೇಳೆಯವರೆಗೆ ಬಂದಿದ್ದೆವು. ಇವತ್ತು ಗದ್ದೆಯಲ್ಲಿದ್ದಾಗ ಗುಡ್ಡದಾಚೆಯಿಂದ ಕೋವಿಯ ಸದ್ದು! ಇವರು ಕೆಸರಿಗೆ ಬಿದ್ದರು. ಎಲ್ಲ ಹೋಯಿತು ಅಂದುಕೊಂಡೆ. ಮಲಗಿದಲ್ಲಿಂದಲೇ ಕೈ ಎತ್ತಿ, "ತಡಿ. ಇನ್ನೊಂದುಟ್ಟು," ಅಂದರು.

ಇಲ್ಲಿ ಸಾವಿನ ಸುದ್ದಿ ಸಾರಲು ಎರಡು ಸಲ ಕೋವಿ ಹಾರಿಸುತ್ತಾರಲ್ಲವೇ! ಎರಡನೆಯದಕ್ಕೆ ಎದ್ದು ಕೂತಿದ್ದರು.

ಯಾರು ಸತ್ತರೋ, ನನಗೆ ಕುಣಿಯುವಷ್ಟು ಖುಷಿ. ದೇವರೇ, ಕ್ಷಮಿಸು.

೩೧ ಆಗಸ್ಟ್

ಇವರೇ ಕೋವಿ ಕೇಳಿ ತರಿಸಿ ಎಣ್ಣೆ ಹಚ್ಚಿದರು. ಮೈಸೂರಿನ ಮಾತಿಲ್ಲ. ಗುಂಡು ಹೊಡೆಯುವ ಮಾತೂ ಇಲ್ಲ.

೩ ಸೆಪ್ಟೆಂಬರ್

ಪೂಜೆ ಆಯಿತು. ಕೋವಿಯ ಬಾಯಲ್ಲಿ ಸಿಕ್ಕಿಸಿದ ಕೆಂಪು ಹೂವು, ತೋಕ್‌ಪೂ. ಮರಕ್ಕೆ ತೆಂಗಿನಕಾಯಿ ಕಟ್ಟಿದೆ. ಇವರು ಕೋವಿ ಹಿಡಿದು ನಿಂತೇ ಇದ್ದರು. ಯಾರೋ ನಕ್ಕರು: "ಎಂತ ಹವಲ್ದಾರ್ರೇ, ಹೊಡೆಯುದು ಮರ್ತ್ ಹೋತಾ?"

ನೋಡಲಾರದೆ ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಅಂಗಳ ಇಷ್ಟು ಸುಮ್ಮನಾದದ್ದೇಕೆ? ಹೋಗಿಬಿಟ್ಟರೇ...

ಇವರ ದನಿ! ಎಲ್ಲರೆದುರು –

"ಏ ಕಾನ್ವೆಂಟ್! ಎಣ್ಸುಕೆ ಬಾ!"

ಬಂದೆ, ಬಂ